ತಿರುಳು ಮತ್ತು ಚಿಪ್ಪು: ಇಂಗ್ಲಿಷಿನ ‘ಶೆಲ್’ ಪದದ ಅರ್ಥವಿಸ್ತಾರ

ಕಡಲ ಚಿಪ್ಪು, ಮೊಟ್ಟೆಯ ಹೊರಸಿಪ್ಪೆ, ಫಿರಂಗಿಯ ಸಿಡಿಗುಂಡು, ಪರಮಾಣುವಿನಲ್ಲಿ ಎಲೆಕ್ಟ್ರಾನುಗಳ ನೆಲೆ, ಕಂಪ್ಯೂಟರಿನ ಒಂದು ತಂತ್ರಾಂಶ, ವ್ಯವಹಾರವೇ ಇಲ್ಲದ ಕಂಪನಿ: ಇಂಗ್ಲಿಷ್ ನಿಘಂಟುಗಳಲ್ಲಿ ‘ಶೆಲ್’ ಎಂಬ ಒಂದೇ ಪದದ ಕೆಳಗೆ ಇವೆಲ್ಲ ಸಾಲಾಗಿ ಕೂತಿವೆ. ಹೊದಿಕೆ ಎಂಬ ಸಾಮಾನ್ಯಾರ್ಥ ಇವನ್ನು ಬೆಸೆದಿದೆ ಎಂದು ಹೇಳಿ ಮುಗಿಸುವುದು ವಾಡಿಕೆ. ಅದು ಸಾಲದು. ಕಂಬಳಿಯೂ ಹೊದಿಕೆಯೇ; ಅದನ್ನು ಯಾರೂ ಶೆಲ್ ಎನ್ನುವುದಿಲ್ಲ. ತಿರುಳಿನಿಂದ ಬೇರ್ಪಡಿಸಬಹುದಾದ, ಬೇರ್ಪಟ್ಟ ಮೇಲೂ ಆಕಾರ ಕಳೆದುಕೊಳ್ಳದ ಹೊರಭಾಗ ಎಂಬುದೇ ಈ ಪದದ ಜೀವಾಳ ಎಂದು ನನ್ನ ವಾದ.

ವ್ಯುತ್ಪತ್ತಿ ಇದಕ್ಕೆ ಪೂರಕವಾಗಿದೆ. ಮೀನಿನ ಹುರುಪೆ ಎಂಬರ್ಥದ ‘ಸ್ಕೇಲ್’ ಇದರ ದಾಯಾದಿ. ಎರಡರ ಬೇರಿನಲ್ಲೂ ಸೀಳು, ಕತ್ತರಿಸು ಎಂಬರ್ಥದ ಧಾತುವನ್ನು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ಕ್ರಿಯಾಪದವಾದಾಗ ಇದು ಇನ್ನೂ ಸ್ಪಷ್ಟ. ಬಟಾಣಿಯನ್ನು ‘ಶೆಲ್’ ಮಾಡುವುದೆಂದರೆ ಸುಲಿಯುವುದು, ಮುಚ್ಚುವುದಲ್ಲ.

ಯುದ್ಧದ ಪರಿಭಾಷೆಯಲ್ಲಿ ವಿಷಯ ಕುತೂಹಲಕರವಾಗುತ್ತದೆ. ಇಡಿಯಾದ ಲೋಹದ ಗುಂಡು ‘ಶಾಟ್’. ಟೊಳ್ಳು ಮಾಡಿ ಮದ್ದು ತುಂಬಿದ್ದು ‘ಶೆಲ್’. 17ನೇ ಶತಮಾನದಿಂದ ಈ ಬಳಕೆ ಇದೆ. ಇಲ್ಲಿ ಹೊರಕವಚ ಏನನ್ನೂ ಕಾಯುವುದಿಲ್ಲ, ಚೂರುಚೂರಾಗಿ ಸಿಡಿದು ಕೊಲ್ಲುತ್ತದೆ. ಬ್ರಿಟಿಷ್ ಸೇನಾಧಿಕಾರಿ ಹೆನ್ರಿ ಶ್ರಾಪ್ನೆಲ್ 1784ರ ಸುಮಾರಿಗೆ ಇಂಥ ಗುಂಡಿನೊಳಗೆ ಸಣ್ಣ ಸೀಸದ ಗೋಲಿಗಳನ್ನು ತುಂಬುವ ಉಪಾಯ ಹೂಡಿದ. ಆ ಗೋಲಿಗಳಿಗೆ ಅಂಟಿದ್ದ ಅವನ ಹೆಸರು ಇಂದು ಸಿಡಿದ ಕವಚದ ಚೂರುಗಳಿಗೇ ಸಲ್ಲುತ್ತಿದೆ. ಒಳಗಿದ್ದುದರ ಹೆಸರನ್ನು ಹೊರಗಿನದು ಕಬಳಿಸಿದ ಅಪರೂಪದ ಉದಾಹರಣೆ. 1915ರಲ್ಲಿ ವೈದ್ಯ ಚಾರ್ಲ್ಸ್ ಮೈಯರ್ಸ್ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ‘ಶೆಲ್ ಶಾಕ್’, ಅಂದರೆ ಸಿಡಿಗುಂಡಿನ ಸ್ಫೋಟದಿಂದ ಬರುವುದೆಂದು ನಂಬಿದ್ದ ಸೈನಿಕರ ಆಘಾತ, ಈ ಕವಲಿನದೇ ಚಿಗುರು. ಸ್ಫೋಟದ ಹತ್ತಿರವೂ ಸುಳಿಯದ ಸೈನಿಕರಲ್ಲಿ ಅದೇ ಲಕ್ಷಣ ಕಂಡಾಗ ಆ ಹೆಸರಿಗೆ ಆಧಾರವೇ ಇಲ್ಲವಾಯಿತು, ಆದರೂ ಅದು ಉಳಿಯಿತು.

ತಿರುಳು ಹೋಗಿ ಚಿಪ್ಪಷ್ಟೇ ಉಳಿದ ಸ್ಥಿತಿಯನ್ನು ‘ಶೆಲ್ ಕಂಪನಿ’ ಹೇಳುತ್ತದೆ. ನೋಂದಣಿ ಇದೆ, ವಿಳಾಸವಿದೆ, ನಿರ್ದೇಶಕರಿದ್ದಾರೆ, ವ್ಯಾಪಾರವಿಲ್ಲ. ಕನ್ನಡಿಗರಿಗೆ ಈ ಕಲ್ಪನೆ ಹೊಸದೇನಲ್ಲ. ಮೋಸಹೋದವನ ‘ಕೈಗೆ ಚಿಪ್ಪು’ ಬಂತು ಎನ್ನುವಾಗ ಕಾಯಿ ತುರಿದುಕೊಂಡವರು ಬೇರೆ, ಕರಟ ಹಿಡಿದವನು ಬೇರೆ. ನಮ್ಮ ನುಡಿಗಟ್ಟು ಕಳೆದುಕೊಂಡವನ ಕಡೆಯಿಂದ ನೋಡುತ್ತದೆ, ಇಂಗ್ಲಿಷಿನದು ಬಚ್ಚಿಟ್ಟವನ ಕಡೆಯಿಂದ. ಭಾರತದ 2013ರ ಕಂಪನಿ ಕಾಯ್ದೆಯಲ್ಲಿ ಶೆಲ್ ಕಂಪನಿಗೆ ವ್ಯಾಖ್ಯೆಯೇ ಇಲ್ಲ. 2017ರ ನಂತರ ಸರ್ಕಾರ 2 ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ದಾಖಲೆಯಿಂದ ಅಳಿಸಿದ್ದು ವಾರ್ಷಿಕ ಲೆಕ್ಕಪತ್ರ ಸಲ್ಲಿಸದ ಕಾರಣಕ್ಕೆ. ಅವಕ್ಕೆ ಈ ಪಟ್ಟ ಕಟ್ಟಿದ್ದು ಹೆಚ್ಚಾಗಿ ಸಾರ್ವಜನಿಕ ಚರ್ಚೆ. ಲಿಪಿಯ ತೊಡಕೂ ಒಂದಿದೆ. ಮಾರ್ಕಸ್ ಸ್ಯಾಮ್ಯುಯೆಲ್ 1897ರಲ್ಲಿ ಕಟ್ಟಿದ ಎಣ್ಣೆ ಸಂಸ್ಥೆಯ ಹೆಸರೂ ಶೆಲ್. ಅವನ ತಂದೆ ಲಂಡನ್ನಿನಲ್ಲಿ ಕಡಲ ಚಿಪ್ಪುಗಳ ವ್ಯಾಪಾರಿ. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಎರಡನ್ನೂ ಬೇರ್ಪಡಿಸುತ್ತದೆ. ಕನ್ನಡ ಪತ್ರಿಕೆಯ ತಲೆಬರಹದಲ್ಲಿ ‘ಶೆಲ್ ಕಂಪನಿ’ ಕಂಡರೆ ಯಾವುದೆಂದು ತಿಳಿಯಲು ಸುದ್ದಿಯನ್ನೇ ಓದಬೇಕು.

ಕಂಪ್ಯೂಟರಿನ ಶೆಲ್ ಅತ್ಯಂತ ಪ್ರಾಮಾಣಿಕ ರೂಪಕ. 1960ರ ದಶಕದಲ್ಲಿ ಕಂಪ್ಯೂಟರ್ ವಿಜ್ಞಾನಿ ಲೂಯಿ ಪೂಜಾಂ ಕೊಟ್ಟ ಹೆಸರದು. ಬಳಕೆದಾರ ಟೈಪಿಸಿದ ಆಜ್ಞೆಯನ್ನು ಶೆಲ್ ಓದಿಕೊಂಡು ಒಳಗಿನ ‘ಕರ್ನಲ್’ಗೆ, ಅಂದರೆ ತಿರುಳಿಗೆ, ಮುಟ್ಟಿಸುತ್ತದೆ. ತಿರುಳನ್ನು ಮುಟ್ಟದೆ ಈ ಚಿಪ್ಪನ್ನು ಕಳಚಿ ಬೇರೊಂದನ್ನು ಹಾಕಬಹುದು. ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ 1971ರ ಥಾಂಪ್ಸನ್ ಶೆಲ್ಲಿನ ಜಾಗಕ್ಕೆ 1979ರಲ್ಲಿ ಬೋರ್ನ್ ಶೆಲ್ ಬಂದದ್ದು ಹೀಗೆಯೇ.

ನನ್ನ ವಾದಕ್ಕೆ ಒಗ್ಗದಿರುವುದು ಪರಮಾಣು. 2, 8, 18 ಎಂದು ಎಲೆಕ್ಟ್ರಾನುಗಳು ತುಂಬುವ ಈ ಶೆಲ್ಲುಗಳಲ್ಲಿ ಗಟ್ಟಿಯಾದುದೇನೂ ಇಲ್ಲ. ಅವು ಶಕ್ತಿಯ ಮಟ್ಟಗಳು ಮಾತ್ರ. ಕನ್ನಡ ವಿಜ್ಞಾನ ಪುಸ್ತಕಗಳು ಬಳಸುವ ‘ಕವಚ’ ಇಲ್ಲಿ ಇನ್ನಷ್ಟು ದಾರಿ ತಪ್ಪಿಸುತ್ತದೆ. ಕವಚವೆಂದರೆ ಕರ್ಣನ ನೆನಪಾಗುವ ವಿದ್ಯಾರ್ಥಿಗೆ ರಕ್ಷಣೆಯ ಚಿತ್ರವೇ ಮೂಡೀತು. ಸೋಡಿಯಂನ ಅತಿ ಹೊರಗಿನ ನೆಲೆಯಲ್ಲಿರುವುದು ಒಂದೇ ಎಲೆಕ್ಟ್ರಾನ್. ಕ್ಲೋರಿನ್ ಎದುರಾದರೆ ಮೊದಲು ಕೈಬಿಟ್ಟುಹೋಗುವುದೂ ಅದೇ. ಇಂಥದ್ದಕ್ಕೆ ‘ಪದರ’ ಎನ್ನುವುದೇ ಮೇಲು.