ಫಸಲಿ 1329ರ ಕಾನೂನು ಮತ್ತು ಒಂದು ಮನೆಯ ಬಾಗಿಲು



ನಮ್ಮ ಬೀದರ ಜಿಲ್ಲೆಯ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಇಂದಿಗೂ ಉರ್ದು ಲಿಪಿಯ ಕಾಗದಪತ್ರಗಳು ದೊರೆಯುತ್ತವೆ. ಅವುಗಳ ಮೇಲಿನ ವರ್ಷವನ್ನು ಕಂಡು ಹೊಸಬರು, ಇದೇನು ಆರುನೂರು ವರ್ಷ ಹಿಂದಿನ ಪತ್ರವೇ ಎಂದು ಬೆರಗಾಗುವುದುಂಟು. ಅದು ಫಸಲಿ ವರ್ಷ, ನಿಜಾಮ ಸರಕಾರವು ಕಂದಾಯದ ಲೆಕ್ಕಕ್ಕಾಗಿ ಬಳಸುತ್ತಿದ್ದ ಕಾಲಗಣನೆ. ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. 1948ರ ಸೆಪ್ಟೆಂಬರ್ 17ರವರೆಗೆ ಬಸವಕಲ್ಯಾಣ, ಹುಮನಾಬಾದಗಳೆರಡೂ ಈ ಲೆಕ್ಕದಲ್ಲಿಯೇ ಬದುಕಿದವು. ಇಂದು ನಾನು ಬರೆಯಹೊರಟಿರುವುದು ಫಸಲಿ 1329ರ, ಎಂದರೆ 1919ರ ಸುಮಾರಿನ ಒಂದು ಕಾನೂನನ್ನು ಕುರಿತು. ನಾವು ಓದಿದ ಯಾವ ಪಠ್ಯಪುಸ್ತಕದಲ್ಲಿಯೂ ಅದರ ಉಲ್ಲೇಖವಿರಲಿಲ್ಲ.

ಈ ವಿಷಯಕ್ಕೆ ನಾನು ಬಂದುದು ಒಂದು ದೂರವಾಣಿ ಕರೆಯಿಂದ. ನನ್ನಲ್ಲಿ ಎಂಟನೆಯ ತರಗತಿಯಿಂದ ಹತ್ತರವರೆಗೆ ಇತಿಹಾಸ ಕಲಿತ ಹೆಣ್ಣುಮಗಳೊಬ್ಬಳು, ಈಗ ತಾಯಿ, ಬಹಳ ಹೊತ್ತು ಅಳುಕಿ ಮಾತಾಡಿದಳು. ಹದಿನೇಳು ವರ್ಷದ ಮಗ ತಾನು ಮಗನಲ್ಲ, ಮಗಳು ಎಂದು ಹೇಳಿದ್ದಾನೆ. ಮನೆಯಲ್ಲಿ ಒಬ್ಬರು ಹೊಡೆದರೆ ಇನ್ನೊಬ್ಬರು ದೇವರ ಕೇಳಿಸುತ್ತಿದ್ದಾರೆ. ಕಡೆಗೆ ಅವಳು ಕೇಳಿದ ಪ್ರಶ್ನೆ ಇದು: "ಸರ್, ಕಲ್ಯಾಣದ ಇತಿಹಾಸ ಎಲ್ಲಾ ಹೇಳಿಕೊಟ್ರಿ. ನನ್ನ ಕೂಸಿನಂಥವರಿಗೂ ಏನರೆ ಇತಿಹಾಸ ಅದ ಏನ್ರಿ?" ಫೋನಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲವಾದುದರಿಂದ, ಅವಳ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ.

ಕಲ್ಯಾಣದವರಾದ ನಮಗೆ ಯಾವ ಪ್ರಶ್ನೆಗೂ ಹನ್ನೆರಡನೆಯ ಶತಮಾನದಿಂದಲೇ ಉತ್ತರ ಹುಡುಕುವ ಅಭ್ಯಾಸವುಂಟು. ಶರಣರಲ್ಲಿ 'ಶರಣಸತಿ ಲಿಂಗಪತಿ' ಎಂಬ ಭಾವವಿತ್ತು. ಗಂಡಸರಾದ ವಚನಕಾರರು ತಮ್ಮನ್ನು ಶಿವನ ಮಡದಿಯೆಂದು ಕರೆದುಕೊಂಡರು. ಬಸವಣ್ಣನವರದೇ ಒಂದು ವಚನದಲ್ಲಿ ಗಂಡುವೇಷ, ಹೆಣ್ಣುಭಾವಗಳ ಮಾತು ಬರುತ್ತದೆ. ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂಬುದನ್ನು ಜೇಡರ ದಾಸಿಮಯ್ಯ ಸ್ಪಷ್ಟವಾಗಿಯೇ ನುಡಿದಿದ್ದಾನೆ. ಆದರೆ ಇವುಗಳನ್ನು ಹಿಡಿದು ಕಲ್ಯಾಣದಲ್ಲಿ ಇಂಥ ಮಕ್ಕಳಿಗೆ ಸ್ವಾಗತವಿತ್ತೆಂದು ಸಾಧಿಸುವುದು ಇತಿಹಾಸದ ಕ್ರಮವಲ್ಲ. ಅವು ಭಕ್ತಿಯ ಮಾತುಗಳು. ಅಂದಿನ ಯಾವೊಬ್ಬ ಹುಡುಗನೂ ಸೀರೆಯುಟ್ಟು ಅನುಭವ ಮಂಟಪದ ಮೆಟ್ಟಿಲೇರಿದ ದಾಖಲೆಯಿಲ್ಲ. ಇಷ್ಟು ಮಾತ್ರ ಹೇಳಬಹುದು: ದೇಹವೇ ಮನುಷ್ಯನ ಕೊನೆಯ ಗುರುತಲ್ಲವೆಂಬ ಆಲೋಚನೆಗೆ ಕನ್ನಡದಲ್ಲಿ ಎಂಟುನೂರು ವರ್ಷಗಳಿಗಿಂತ ಹೆಚ್ಚಿನ ವಯಸ್ಸಾಗಿದೆ. ಅದು ಹೊರನಾಡಿನಿಂದ ಬಂದ ಚಾಳಿಯೆನ್ನುವವರಿಗೆ ಇಷ್ಟೇ ಸಾಕು.

ಇನ್ನು ಕಾನೂನಿನ ಮಾತು. ಬ್ರಿಟಿಷ್ ಸರಕಾರವು 1871ರಲ್ಲಿ ತಂದ 'ಅಪರಾಧಿ ಬುಡಕಟ್ಟುಗಳ ಕಾಯ್ದೆ' ನಿಮಗೆ ಗೊತ್ತಿದೆ. ಅಲೆಮಾರಿ ಜನಾಂಗಗಳನ್ನು ಹುಟ್ಟುಗಳ್ಳರೆಂದು ಹಣೆಪಟ್ಟಿ ಹಚ್ಚಿದ್ದು ಅದೇ. ಅದರ ಎರಡನೆಯ ಭಾಗ ಮಾತ್ರ ಹಿಜಡಾ ಸಮುದಾಯವನ್ನು ಕುರಿತದ್ದು. ಉತ್ತರ ಹಿಂದುಸ್ತಾನದಲ್ಲಿ ಅವರ ಹೆಸರು, ಮನೆ, ಆಸ್ತಿಗಳನ್ನು ಪೊಲೀಸರು ಪಟ್ಟಿ ಮಾಡತೊಡಗಿದರು. ಈ ಸಮುದಾಯವೇ ಕ್ರಮೇಣ ಇಲ್ಲವಾಗಬೇಕೆಂಬುದು ಅಧಿಕಾರಿಗಳ ಉದ್ದೇಶವಾಗಿತ್ತೆಂಬುದನ್ನು ಜೆಸ್ಸಿಕಾ ಹಿಂಚಿ ಎಂಬ ಇತಿಹಾಸಕಾರ್ತಿ 2019ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಕಡತಗಳ ಸಹಿತ ತೋರಿಸಿದ್ದಾರೆ. 1911ರ ಹೊಸ ಕಾಯ್ದೆಯಲ್ಲಿ ಬ್ರಿಟಿಷರು ಆ ಭಾಗವನ್ನು ಕೈಬಿಟ್ಟರು. ವಿಚಿತ್ರವೆಂದರೆ, ಅವರು ಬಿಟ್ಟದ್ದನ್ನು ನಮ್ಮ ನಿಜಾಮ ಸಂಸ್ಥಾನ ಎತ್ತಿಕೊಂಡಿತು. ಫಸಲಿ 1329ರ ಹೈದರಾಬಾದು ಕಾನೂನು ಬಹುಮಟ್ಟಿಗೆ ಅದರದೇ ಅಚ್ಚು. ಹೈದರಾಬಾದು ನಗರದಲ್ಲಿ ಮತ್ತು ಸರಕಾರ ಗೊತ್ತುಪಡಿಸಿದ ಇತರ ಸ್ಥಳಗಳಲ್ಲಿ, ಸಂಶಯಕ್ಕೆ ಗುರಿಯಾದ ಹಿಜಡಾಗಳ ಹೆಸರು, ವಾಸಸ್ಥಳಗಳನ್ನು ದಾಖಲಿಸಬೇಕು. ಹೀಗೆ ದಾಖಲಾದವರು ಹೆಣ್ಣುಡುಗೆ ತೊಟ್ಟು, ಒಡವೆಯಿಟ್ಟು ಬೀದಿಯಲ್ಲಿ ಕಂಡರೆ, ಹಾಡಿ ಕುಣಿದರೆ, ವಾರಂಟಿಲ್ಲದೆ ಹಿಡಿಯಬಹುದು. ಎರಡು ವರ್ಷದವರೆಗೆ ಸೆರೆ.

ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಇನ್ನೊಂದು ಕಲಮು. ದಾಖಲಾದ ವ್ಯಕ್ತಿಯ ಮನೆಯಲ್ಲಿ ಹದಿನಾರು ವರ್ಷದೊಳಗಿನ ಹುಡುಗನಿದ್ದರೆ ಅದೂ ಅಪರಾಧ. ಮಕ್ಕಳನ್ನು ಅಪಹರಿಸುತ್ತಾರೆಂಬ ಗುಮಾನಿಯೇ ಇದಕ್ಕೆ ಕೊಟ್ಟ ಕಾರಣ. ಪರಿಣಾಮವೇನಾಯಿತೆಂಬುದನ್ನು ಯೋಚಿಸಿ. ಹೆತ್ತವರು ಹೊರಗಟ್ಟಿದ ಮಗುವೊಂದು, ತನ್ನಂಥವರು ಇರುವ ಒಂದೇ ಒಂದು ಮನೆಯ ಬಾಗಿಲು ತಟ್ಟಿದರೆ, ಬಾಗಿಲು ತೆರೆದವರು ಜೈಲಿಗೆ. ಹೊರಗಟ್ಟಿದವರಿಗೆ ಯಾವ ಕಲಮೂ ಇಲ್ಲ!

ಆ ಮನೆಯೆಂದರೆ ಎಂಥದು? ಹಿಜಡಾ ಸಮುದಾಯದಲ್ಲಿ ಗುರು–ಚೇಲಾ ಸಂಬಂಧವೇ ಸಂಸಾರ. ಗುರುವಿನ ಗುರು ಅಜ್ಜಿಯ ಸ್ಥಾನದಲ್ಲಿ, ಚೇಲಾಳ ಚೇಲಾ ಮೊಮ್ಮಗಳ ಸ್ಥಾನದಲ್ಲಿ. ಹಾಲಿನ ಸಂಬಂಧ ಮಾಡಿಕೊಂಡು ತಾಯಿ, ಮಗಳು, ಅಕ್ಕ, ತಂಗಿಯರಾಗುವ ರೂಢಿಯೂ ಇದೆ. ಹೊಸಬರನ್ನು ಹಿರಿಯರೆದುರು 'ರೀತ್' ಮಾಡಿ ಸೇರಿಸಿಕೊಳ್ಳುತ್ತಾರೆ. ಕಟ್ಟಳೆ ಮೀರಿದರೆ ಪಂಚಾಯಿತಿ ಸೇರಿ ದಂಡ ಹಾಕುತ್ತಾರೆ. ಹೈದರಾಬಾದಿನಲ್ಲಿ 'ಲಷ್ಕರ್‌ವಾಲಾ', 'ಶಹರ್‌ವಾಲಾ' ಎಂಬ ಎರಡು ಮನೆತನಗಳು. ಮೊದಲನೆಯದಕ್ಕೆ ಸಿಕಂದರಾಬಾದಿನ ದಂಡಿನಿಂದ, ಎರಡನೆಯದಕ್ಕೆ ಊರಿನಿಂದ ಹೆಸರು. ಇದೆಲ್ಲ ಸುಖದ ಸಂಸಾರವೆಂದು ನಾನು ಹೇಳುತ್ತಿಲ್ಲ. ಗುರುವಿನ ಸಾಲ ತೀರಿಸುವುದರಲ್ಲೇ ಯೌವನ ಕಳೆದವರಿದ್ದಾರೆ. ಅಂಗಡಿ ಅಂಗಡಿ ಬೇಡುವುದು, ಮೈಮಾರಿಕೊಳ್ಳುವುದು, ಪೊಲೀಸರ ಲಾಠಿ ಇವೂ ಅದರೊಡನೆಯೇ ಬರುತ್ತವೆ. ಆದರೂ ಮಕ್ಕಳು ಅಲ್ಲಿಗೆ ಹೋದರು. ಹುಮನಾಬಾದದ ರಸ್ತೆ ಕೂಡುವಲ್ಲಿ ನಿಂತರೆ ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಬಸ್ಸು ಸಿಗುತ್ತದೆ; ಕಲ್ಯಾಣದವರಾದರೆ ಸಸ್ತಾಪುರ ಬಂಗ್ಲಾದಲ್ಲಿ ಹತ್ತಬಹುದು. ಅರ್ಧ ದಿನದ ಹಾದಿ.

ಹಾಗೆ ಹೋದ ಒಬ್ಬನನ್ನು ನಾನು ಬಲ್ಲೆ. ಹೆಸರು ಬೇಡ, ಎಂಬತ್ತರ ದಶಕದ ಬ್ಯಾಚಿನವರಿಗೆ ಹೊಳೆಯಲೂಬಹುದು, ಹೊಳೆದರೆ ಮನಸ್ಸಿನಲ್ಲಿಯೇ ಇರಲಿ. ಶಾಲೆಯ ನಾಟಕದಲ್ಲಿ ಹೆಣ್ಣುಪಾತ್ರ ಮಾಡಿದಾಗ ಊರೆಲ್ಲ ಮೆಚ್ಚಿ ಚಪ್ಪಾಳೆ ತಟ್ಟಿತ್ತು. ಗಂಡು ಹೆಣ್ಣಿನ ಪಾತ್ರ ಮಾಡುವುದು ನಮ್ಮ ಪಾರಿಜಾತದಾಟದಲ್ಲಿಯೂ ಗಡಿಯಾಚೆಯ ಮರಾಠಿ ರಂಗಭೂಮಿಯಲ್ಲಿಯೂ ಗೌರವದ ವಿದ್ಯೆಯೇ ಆಗಿತ್ತು; ಬಾಲಗಂಧರ್ವರ ಸೀರೆಯುಡುವ ರೀತಿಯನ್ನು ಮನೆತನಸ್ಥ ಹೆಂಗಸರು ಅನುಸರಿಸುತ್ತಿದ್ದರಂತೆ. ಆದರೆ ಮರುದಿನ ಬೆಳಿಗ್ಗೆ ಅದೇ ನಡಿಗೆಯನ್ನು ತರಗತಿಯಲ್ಲಿ ಕಂಡ ಹುಡುಗರು ನಕ್ಕರು. ನಮ್ಮ ವ್ಯಾಕರಣದ ಪಾಠವೇ ಅವರಿಗೆ ಕಲ್ಲು ಒದಗಿಸಿತು: ಪುಲ್ಲಿಂಗ, ಸ್ತ್ರೀಲಿಂಗ, ಮೂರನೆಯದರ ಹೆಸರು ಹಿಡಿದು ಅವನನ್ನು ಕೂಗುವುದು. ಮರ, ಮೇಜು, ಎತ್ತುಗಳ ಸಾಲಿಗೆ ಸೇರಿದ ಆ ಶಬ್ದವನ್ನು ಮನುಷ್ಯನಿಗೆ ಹಚ್ಚುವುದರ ಕ್ರೌರ್ಯ ಅವರಿಗೆ ತಿಳಿಯುವ ವಯಸ್ಸಲ್ಲ. (ಕನ್ನಡದಲ್ಲಿ 'ಅವರು' ಎಂಬ ಪದಕ್ಕೆ ಗಂಡು ಹೆಣ್ಣೆಂಬ ಹಂಗಿಲ್ಲವೆಂಬುದನ್ನು ಅದೇ ಪಾಠದಲ್ಲಿ ಹೇಳುತ್ತೇವಾದರೂ ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.) ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಲವು ತಿಂಗಳು ಗೈರುಹಾಜರಿಯ ಗುರುತು ಬಿತ್ತು, ಆಮೇಲೆ ಕೆಂಪು ಗೆರೆ. ಶಾಲೆಗಳ ಮಟ್ಟಿಗೆ ಇಂಥವರ ಇತಿಹಾಸವೆಲ್ಲ ಆ ಕೆಂಪು ಗೆರೆಯ ಕೆಳಗೆ ಮುಚ್ಚಿಹೋಗಿದೆ.

ಎಷ್ಟೋ ವರ್ಷಗಳ ನಂತರ ಹುಮನಾಬಾದದ ವೀರಭದ್ರೇಶ್ವರ ಜಾತ್ರೆಯಲ್ಲಿ ಯಾರೋ ಹಿಂದಿನಿಂದ "ಸರ್" ಎಂದರು. ಹಸಿರು ಸೀರೆ, ತುಂಬು ಬಳೆ. ಬಗ್ಗಿ ಕಾಲು ಮುಟ್ಟಿದಾಗ ಗುರುತು ಹತ್ತಿತು. ಹೇಗಿದ್ದೀ ತಾಯಿ ಎಂದೆ. "ಆರಾಮ ಅದೀನ್ರಿ ಸರ್. ಅಲ್ಲಿ ನನಗ ನೋಡಿ ಯಾರೂ ನಗಲ್ರಿ. ನಮ್ಮ ಗುರು ಅದಾರ, ಜ್ವರ ಬಂದ್ರ ಅನ್ನ ಕಲಸಿ ಉಣಸ್ತಾರ." ಸ್ವಲ್ಪ ತಡೆದು, "ಅವ್ವನ ಕಡಿ ಹೋಗ್ಲಿಕ್ಕ ಇನ್ನಾ ಧೈರ್ಯ ಆಗಿಲ್ರಿ" ಎಂದಳು. ತೇರು ಹೊರಡುವ ಗದ್ದಲದಲ್ಲಿ ಮಾತು ಅಲ್ಲಿಗೇ ನಿಂತಿತು.

ಕಲ್ಯಾಣ ಕರ್ನಾಟಕದ ತೆಂಕಣ ಭಾಗಕ್ಕೆ ಹೋದರೆ ಚಿತ್ರ ಬೇರೆ. ಅಲ್ಲಿ ಯಲ್ಲಮ್ಮ, ಹುಲಿಗೆಮ್ಮರ ಒಕ್ಕಲಾಗಿ ಜೋಗಪ್ಪಂದಿರಿದ್ದಾರೆ. ದೇವಿಯೇ ಇವನನ್ನು ಹಿಡಿದಳು ಎಂದುಕೊಂಡ ಹೆತ್ತವರು ಹೊಡೆಯುವುದನ್ನು ನಿಲ್ಲಿಸಿ ಮುತ್ತು ಕಟ್ಟಿಸುತ್ತಾರೆ. ಇದನ್ನು ಮೌಢ್ಯವೆಂದು ತಳ್ಳಿಹಾಕುವ ನನ್ನಂಥ ವಿಚಾರವಾದಿ ಮೇಷ್ಟರಿಗೂ, ಆ ನಂಬಿಕೆ ಎಷ್ಟೋ ಜೀವ ಉಳಿಸಿದೆಯೆಂಬುದನ್ನು ಒಪ್ಪದೆ ಗತ್ಯಂತರವಿಲ್ಲ. ಆದರೆ ಎಲ್ಲರನ್ನೂ ಉಳಿಸಲಿಲ್ಲ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದ ಮಂಜುನಾಥ ಶೆಟ್ಟಿಗೆ 1975ರಲ್ಲಿ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿದರು. ಅವರು ಮಂಜಮ್ಮ ಜೋಗತಿಯಾದರು. ಮನೆಯ ನೆರಳು ಮಾತ್ರ ತಪ್ಪಿತು. ವಿಷ ಕುಡಿದು ಬದುಕಿ ಉಳಿದು ಭಿಕ್ಷೆ ಬೇಡಿದರು. ದಾವಣಗೆರೆಯ ಬಸ್ ನಿಲ್ದಾಣದ ಬಳಿ ತಂದೆ ಹಾಡುತ್ತ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದುದನ್ನು ಕಂಡದ್ದು ಅವರ ಬಾಳಿನ ತಿರುವು. ಆ ಕುಣಿತ ಕಲಿತರು. ಕಾಳವ್ವ ಜೋಗತಿಯ ತಂಡ ಸೇರಿದರು, ಆಕೆಯ ನಂತರ ತಂಡವನ್ನು ಮುನ್ನಡೆಸಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆ, 2021ರಲ್ಲಿ ಪದ್ಮಶ್ರೀ. ಪ್ರಶಸ್ತಿ ಸ್ವೀಕರಿಸುವ ಮುನ್ನ ಅವರು ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದುದನ್ನು ನೀವೆಲ್ಲ ದೂರದರ್ಶನದಲ್ಲಿ ನೋಡಿರಬೇಕು.

ಬೆಂಗಳೂರಿನಲ್ಲಿ ಹಿಜಡಾ ಹಿರಿಯರು ನಡೆಸುತ್ತಿದ್ದ ಹಮಾಮುಗಳು, ಎಂದರೆ ಬಿಸಿನೀರಿನ ಸ್ನಾನದ ಮನೆಗಳು, ಇಂಥ ಮಕ್ಕಳ ಆಶ್ರಯವಾಗಿದ್ದವು. 1999ರಲ್ಲಿ 'ಸಂಗಮ' ಎಂಬ ಸಂಸ್ಥೆ ಹುಟ್ಟಿದ ಮೇಲೆ ಗುರುವಿನ ಮನೆಯಲ್ಲದ ಇನ್ನೊಂದು ಬಾಗಿಲು ತೆರೆಯಿತು: ಕೂತು ಮಾತನಾಡಲು ಒಂದು ಕೋಣೆ, ಠಾಣೆಗೆ ಜೊತೆಗೆ ಬರಲು ಒಬ್ಬ ವಕೀಲ. ತಮಿಳುನಾಡಿನಿಂದ ಬಂದ ಎ. ರೇವತಿಯವರು ಅಲ್ಲಿ ದುಡಿಯುತ್ತಲೇ ಬರಹಗಾರ್ತಿಯಾದರು. ಅಕ್ಕಯ್ ಪದ್ಮಶಾಲಿಯವರು ಬೆಳೆದದ್ದೂ ಅಲ್ಲಿಯೇ. ಅವರು 2014ರಲ್ಲಿ 'ಒಂದೆಡೆ'ಯನ್ನು ಕಟ್ಟಿದರು.

ಹೀಗೆ ಬಾಗಿಲುಗಳು ತೆರೆಯುತ್ತಿರುವಾಗಲೇ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಸಂಶಯಕ್ಕೆ ಗುರಿಯಾದವರ ಹೆಸರು, ವಾಸಸ್ಥಳಗಳ ದಾಖಲೆ ಇಡಬೇಕೆಂಬ ಅದೇ ಮಾತು. 1871, 1919, 2011, ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಬ್ಬರದನ್ನು ನೋಡಿ ಒಬ್ಬರು ಬರೆದ ಪರೀಕ್ಷೆಯ ಉತ್ತರಪತ್ರಿಕೆಗಳಂತೆ ಕಾಣುತ್ತವೆ; ಮೌಲ್ಯಮಾಪನ ಮಾಡಿದ ಕಣ್ಣಿಗೆ ಇದು ತಪ್ಪುವುದಿಲ್ಲ. ಸಮುದಾಯದವರು ಉಚ್ಚ ನ್ಯಾಯಾಲಯಕ್ಕೆ ಹೋದ ಮೇಲೆ ಆ ಕಲಮಿನಲ್ಲಿ ಅವರನ್ನು ಹೆಸರಿಸಿದ್ದ ಶಬ್ದವನ್ನು ತೆಗೆದರು. ಅಷ್ಟರಲ್ಲಿ 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು, ತನ್ನ ಲಿಂಗವನ್ನು ತಾನೇ ಹೇಳಿಕೊಳ್ಳುವುದು ವ್ಯಕ್ತಿಯ ಹಕ್ಕೆಂದು ತೀರ್ಪಿತ್ತಿತ್ತು. 2011ರ ಜನಗಣತಿಯಲ್ಲಿ 'ಇತರೆ' ಎಂದು ನಮ್ಮ ರಾಜ್ಯದಲ್ಲಿ ಬರೆಸಿದವರು 20,266. ಬರೆಸಲಾರದವರು ಎಷ್ಟೋ. 2021ರ ಜುಲೈಯಲ್ಲಿ ಸರಕಾರಿ ನೌಕರಿಯಲ್ಲಿ ಶೇಕಡಾ 1ರ ಮೀಸಲಾತಿಯನ್ನು ದೇಶದಲ್ಲಿಯೇ ಮೊದಲು ಕೊಟ್ಟದ್ದು ಕರ್ನಾಟಕ.

ಫಸಲಿ 1329ರ ಕಾನೂನು ಏನಾಯಿತೆಂದು ಕೇಳುವಿರಿ. ನಿಜಾಮರು ಹೋದರು, ರಜಾಕಾರರು ಹೋದರು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ತೆಲಂಗಾಣದ ಪುಸ್ತಕದಲ್ಲಿ ಅದು ಹಾಗೆಯೇ ಉಳಿದಿತ್ತು. ವೈಜಯಂತಿ ವಸಂತ ಮೊಗ್ಲಿಯವರು 2018ರಲ್ಲಿ ಹೂಡಿದ ದಾವೆಯಲ್ಲಿ, 2023ರ ಜುಲೈ 6ರಂದು ತೆಲಂಗಾಣ ಉಚ್ಚ ನ್ಯಾಯಾಲಯವು ಅದನ್ನು ಸಂವಿಧಾನ ವಿರೋಧಿಯೆಂದು ರದ್ದುಪಡಿಸಿತು. ನೂರನಾಲ್ಕು ವರ್ಷ! ಜಾತ್ರೆಯಲ್ಲಿ ನನ್ನ ಕಾಲು ಮುಟ್ಟಿದ ಆ ಮಗು ಹೈದರಾಬಾದಿನ ಬೀದಿಯಲ್ಲಿ ಬಳೆ ತೊಟ್ಟು ನಡೆದಾಗಲೆಲ್ಲ ಆ ಕಾಗದ ಜೀವಂತವಾಗಿಯೇ ಇತ್ತು.

ಕೇಳಿದ ತಾಯಿಗೆ ಇದಿಷ್ಟನ್ನೂ ಹೇಳಿದೆ. ಮಗುವನ್ನು ಯಾವ ಊರಿಗೂ ಕಳಿಸಬೇಡ, ಮನೆಯಲ್ಲೇ ಇಟ್ಟುಕೊಂಡು ಪಿಯುಸಿ ಮುಗಿಸಲು ಬಿಡು, ಆ ಬಾಗಿಲು ನಿನ್ನದೇ ಆಗಲಿ ಎಂದೆ. ಮಂಜಮ್ಮನವರ ಬದುಕನ್ನು ಅರುಣ್ ಜೋಳದಕೂಡ್ಲಿಗಿ ಬರೆದಿರುವ 'ನಡುವೆ ಸುಳಿವ ಹೆಣ್ಣು' ಪುಸ್ತಕವನ್ನು ಅಂಚೆಯಲ್ಲಿ ಕಳಿಸಿದ್ದೇನೆ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು ಕನ್ನಡಕ್ಕೆ ತಂದ 'ಬದುಕು ಬಯಲು' ನನ್ನಲ್ಲಿತ್ತು. ನಿಮ್ಮಲ್ಲೇ ಯಾರೋ ಓದಲೆಂದು ಒಯ್ದವರು ಹಿಂದಿರುಗಿಸಿಲ್ಲ. ಇದನ್ನು ಓದಿದರೆ ದಯವಿಟ್ಟು ಕಳಿಸಿಕೊಡಿ. ಆ ಹುಡುಗಿ ಮೊದಲ ಪುಸ್ತಕವನ್ನು ನಾಲ್ಕು ದಿನದಲ್ಲಿ ಮುಗಿಸಿ ಮುಂದಿನದಕ್ಕೆ ಕಾದಿದ್ದಾಳೆ.