ಪುನರುತ್ಥಾನ ಮತ್ತು ದೇಹಾನುಭವ

ಕ್ರೈಸ್ತ ಪರಂಪರೆಯಲ್ಲಿ ಪುನರುತ್ಥಾನವೆಂದರೆ ಆತ್ಮವು ದೇಹದಿಂದ ಬಿಡುಗಡೆ ಹೊಂದುವುದಲ್ಲ. ಸತ್ತವರು ದೇಹಸಹಿತರಾಗಿ ಏಳುವುದು. ದೇಹವನ್ನು ಆತ್ಮದ ಸೆರೆಮನೆಯೆಂದು ಬಗೆದ ಪ್ಲೇಟೋನ ಚಿಂತನೆಗೆ ಇದು ವಿರುದ್ಧ.

ಫ್ರೆಂಚ್ ದಾರ್ಶನಿಕ ಮಾರಿಸ್ ಮೆರ್ಲೊ-ಪಾಂಟಿ 1945ರ ‘ಫಿನಾಮಿನಾಲಜಿ ಆಫ್ ಪರ್ಸೆಪ್ಷನ್’ ಕೃತಿಯಲ್ಲಿ, ದೇಹವು ನಮ್ಮ ಒಡೆತನದ ವಸ್ತುವಲ್ಲ, ನಾವು ಜಗತ್ತಿನಲ್ಲಿ ಇರುವ ಬಗೆಯೇ ಅದು ಎಂದು ವಾದಿಸಿದರು. ರೂಢಿಯಾದ ಮೇಲೆ ಅಂಧರಿಗೆ ಊರುಗೋಲಿನ ತುದಿಯೇ ಸ್ಪರ್ಶದ ನೆಲೆಯಾಗುವುದು ಅವರು ಕೊಟ್ಟ ನಿದರ್ಶನ. ಹಾಗಿದ್ದರೆ ದೇಹವಿಲ್ಲದೆ ಉಳಿಯುವುದನ್ನು ‘ನಾನು’ ಎನ್ನಬಹುದೇ?

ಯೋಹಾನನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಎದ್ದುಬಂದ ಯೇಸು ಶಿಷ್ಯ ತೋಮನಿಗೆ ತಮ್ಮ ಗಾಯಗಳನ್ನು ತೋರಿಸುತ್ತಾರೆ. ನೋವುಂಡ ದೇಹವೇ ಅಲ್ಲಿ ಗುರುತು. ತತ್ವಶಾಸ್ತ್ರವು ಪುನರುತ್ಥಾನವನ್ನು ಸಾಧಿಸಿ ತೋರದು. ಆ ನಂಬಿಕೆಗೆ ದೇಹ ಏಕೆ ಅನಿವಾರ್ಯವೆಂಬುದನ್ನು ತಿಳಿಯಾಗಿಸುತ್ತದೆ.