ಸುಣ್ಣಕಲ್ಲಿನ ಸೀಮೆಯ ಒಂದು ಗ್ರಾಮ: ಸೆರ್ಜಿಲ್ಲಾ

ಉತ್ತರ ಸಿರಿಯಾ ದೇಶದಲ್ಲಿ, ಅಲೆಪ್ಪೊ ನಗರಕ್ಕೂ ಪ್ರಾಚೀನ ಅಂತಿಯೋಕ ಪಟ್ಟಣಕ್ಕೂ ನಡುವೆ, ಸುಣ್ಣಕಲ್ಲಿನ ಗುಡ್ಡಗಳ ವಿಸ್ತಾರವಾದ ಒಂದು ಸೀಮೆಯಿದೆ. ಅಲ್ಲಿ ಚಿಲುಮೆಗಳು ವಿರಳ. ಬಿದ್ದ ಮಳೆಯು ಬಂಡೆಗಳ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಬಂಡೆಗಳ ನಡುವಣ ತಗ್ಗುಗಳಲ್ಲಿ ಮಾತ್ರ ಕೆಂಪು ಮಣ್ಣು ನಿಂತಿರುತ್ತದೆ. ಇಂತಹ ಒರಟು ನೆಲದಲ್ಲಿ ಸುಮಾರು 700 ಪಾಳುಗ್ರಾಮಗಳು ಕಾಣಬರುತ್ತವೆ. ಇವುಗಳಿಗೆ 'ಮೃತನಗರಗಳು' ಎಂಬ ಹೆಸರು ರೂಢಿಯಲ್ಲಿದೆ. ಈ ಹೆಸರು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಾರ್ಹವಾದ ವಿಷಯ.

ಈ ಗ್ರಾಮಗಳಲ್ಲಿ ಸೆರ್ಜಿಲ್ಲಾ ಬಹು ಚೆನ್ನಾಗಿ ಉಳಿದುಬಂದಿರುವುದು. ಜೆಬೆಲ್ ಜಾವಿಯೆ ಎಂಬ ಗುಡ್ಡಸೀಮೆಯಲ್ಲಿರುವ ಈ ಊರನ್ನು ಹೊಕ್ಕವನಿಗೆ ಮೊದಲು ಕಾಣುವುದು ಗೋಡೆಗಳ ಸ್ಥೈರ್ಯ. ಗಾರೆಯ ಸಹಾಯವಿಲ್ಲದೆ, ಕೆತ್ತಿದ ಕಲ್ಲಿನ ಮೇಲೆ ಕಲ್ಲನ್ನಿಟ್ಟು ಕಟ್ಟಿದ ಎರಡಂತಸ್ತಿನ ಮನೆಗಳು ತ್ರಿಕೋಣಾಕಾರದ ಮುಡಿಗೋಡೆಗಳವರೆಗೂ ನಿಂತಿವೆ. ಚಾವಣಿಗಳು ಮರ ಮತ್ತು ಹೆಂಚುಗಳಿಂದಾದುವಾದ್ದರಿಂದ ಅಳಿದುಹೋದುವು. ಮನೆಗಳ ಮುಂದೆ ಕಂಬಸಾಲಿನ ಮೊಗಸಾಲೆ, ಅಂಗಳ. ಮಳೆಯ ನೀರನ್ನು ಕೂಡಿಡಲು ಬಂಡೆಯಲ್ಲಿ ಕೊರೆದ ತೊಟ್ಟಿಗಳು. ಆಲಿವ್ ಕಾಯಿಯಿಂದ ಎಣ್ಣೆ ಹಿಂಡುವ ಗಾಣಗಳು. ಇವಲ್ಲದೆ ಒಂದು ಚರ್ಚೂ, ಕ್ರಿ. ಶ. 473ರಲ್ಲಿ ಕಟ್ಟಿದ ಸ್ನಾನಗೃಹವೂ ಇವೆ. ಕೇವಲ ಗ್ರಾಮವೊಂದರಲ್ಲಿ ಇಂತಹ ಸ್ನಾನಗೃಹವಿದ್ದುದು ಅಲ್ಲಿನ ಒಕ್ಕಲುಮಕ್ಕಳ ಅನುಕೂಲಸ್ಥಿತಿಗೆ ಬಲವಾದ ಸಾಕ್ಷ್ಯವಾಗಿದೆ.

ಈ ಸಂಪತ್ತು ಎಲ್ಲಿಂದ ಬಂದಿತು, ಹೇಗೆ ಹೋಯಿತು ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿರಲಿಲ್ಲ. 1861-62ರಲ್ಲಿ ಇಲ್ಲಿ ಸಂಚರಿಸಿದ ಫ್ರೆಂಚ್ ವಿದ್ವಾಂಸ ಮೆಲ್ಕಿಯೋರ್ ದ ವೋಗ್ಯುಎ, ಅರಬರು ದಂಡೆತ್ತಿ ಬಂದಾಗ ಜನರು ಒಮ್ಮೆಗೇ ಊರು ಬಿಟ್ಟರೆಂದು ಭಾವಿಸಿದನು. 1899ರಿಂದ ಇಲ್ಲಿ ಶೋಧನೆ ನಡೆಸಿದ ಅಮೆರಿಕದ ಹೋವರ್ಡ್ ಕ್ರಾಸ್ಬಿ ಬಟ್ಲರನು, ಕಾಡು ಕಡಿದುದರಿಂದ ಮಣ್ಣು ಕೊಚ್ಚಿಹೋಗಿ ನೆಲವು ಬರಡಾಯಿತೆಂದನು. 1953ರಲ್ಲಿ ತನ್ನ ಬೃಹದ್ಗ್ರಂಥವನ್ನು ಪ್ರಕಟಿಸತೊಡಗಿದ ಜಾರ್ಜ್ ಚಲೆಂಕೊನ ಮತ ಬೇರೆ. ಆಲಿವ್ ಎಣ್ಣೆಯ ರಫ್ತೇ ಈ ಸೀಮೆಯ ಜೀವಾಳ; ಪಾರಸಿಕರ ಮತ್ತು ಅರಬರ ಯುದ್ಧಗಳಿಂದ ಸಮುದ್ರದಾಚೆಯ ಪೇಟೆಗಳು ಕೈತಪ್ಪಿದೊಡನೆ ಗ್ರಾಮಗಳು ಕ್ಷೀಣಿಸಿದುವು ಎಂಬುದು ಅವನ ಸಿದ್ಧಾಂತ.

ಈ ಮೂವರೂ ನೆಲದ ಮೇಲೆ ನಿಂತುದನ್ನೇ ಮುಖ್ಯ ಆಧಾರವಾಗಿಟ್ಟುಕೊಂಡರು. ಕಾಲನಿರ್ದೇಶವುಳ್ಳ ಗ್ರೀಕ್ ಶಾಸನಗಳು 7ನೆಯ ಶತಮಾನದ ಆರಂಭದ ಹೊತ್ತಿಗೆ ಬಹುಮಟ್ಟಿಗೆ ನಿಂತುಹೋಗುತ್ತವೆ. ಆದುದರಿಂದ ಜನವಾಸವೂ ಆಗಲೇ ನಿಂತಿತೆಂದು ಊಹಿಸುವುದು ಸುಲಭ. ಆದರೆ 1976-78ರಲ್ಲಿ ದೇಹೆಸ್ ಎಂಬ ಗ್ರಾಮದಲ್ಲಿ ಸೊದಿನಿ, ತಾತ್ ಮೊದಲಾದವರು ಉತ್ಖನನ ನಡೆಸಲು, ಅರಬರ ಆಳ್ವಿಕೆ ಬಂದ ತರುವಾಯವೂ ಜನರು ಅದೇ ಮನೆಗಳಲ್ಲಿ ಬಹುಕಾಲ ಬಾಳಿದುದು ಗೊತ್ತಾಯಿತು. ಅನಂತರ ಜಾರ್ಜ್ ತಾತನು 46 ಗ್ರಾಮಗಳ ಮನೆಗಳನ್ನು ಪರೀಕ್ಷಿಸಿ 1992ರಲ್ಲಿ ಗ್ರಂಥವನ್ನು ಹೊರತಂದನು. ಅವನ ಮತದಂತೆ, ಇಲ್ಲಿಯ ಬೇಸಾಯವು ಎಣ್ಣೆಯೊಂದನ್ನೇ ನೆಚ್ಚಿದುದಲ್ಲ. ಧಾನ್ಯ, ದ್ರಾಕ್ಷಿ, ಪಶುಪಾಲನೆಗಳೂ ಜೊತೆಗಿದ್ದುವು. ಮನೆಗಳ ಕೆಳಅಂತಸ್ತಿನಲ್ಲಿರುವ ಕಲ್ಲಿನ ಗೋದಲಿಗಳು ಇದಕ್ಕೆ ಸಾಕ್ಷಿ. ಜನಸಂಖ್ಯೆ ನೆಲದ ಶಕ್ತಿಯನ್ನು ಮೀರಿದುದರಿಂದ 6ನೆಯ ಶತಮಾನದ ಮಧ್ಯದಲ್ಲಿ ಬೆಳವಣಿಗೆ ತಡೆಯಿತು. 540ರಲ್ಲಿ ಪಾರಸಿಕರು ಅಂತಿಯೋಕವನ್ನು ಸೂರೆಗೊಂಡುದೂ, 542ರ ಹೊತ್ತಿಗೆ ಮಹಾಮಾರಿ ಹರಡಿದುದೂ ಇದೇ ಕಾಲದಲ್ಲಿ. ಹೊಸ ಮನೆ ಕಟ್ಟುವುದು ನಿಂತಿತು. ಹಳೆಯ ಮನೆಯಲ್ಲಿ ಬಾಳುವುದು ನಿಲ್ಲಲಿಲ್ಲ. ಗ್ರಾಮಗಳು 8ರಿಂದ 10ನೆಯ ಶತಮಾನದೊಳಗೆ ಕ್ರಮೇಣ ಬರಿದಾದುವು. ಸೆರ್ಜಿಲ್ಲಾಕ್ಕೆ ಸಮೀಪದ ಅಲ್-ಬಾರಾ ಇನ್ನೂ ಬಹುಕಾಲ ಉಳಿಯಿತು. 1098ರಲ್ಲಿ ಕ್ರೂಸೇಡಿನ ಯೋಧರು ಅದನ್ನು ಹಿಡಿದರು.

ಇದರಿಂದ, 'ಮೃತನಗರ' ಎಂಬ ಹೆಸರಿನಲ್ಲಿ ಎರಡು ದೋಷಗಳಿರುವುದು ಸ್ಪಷ್ಟ. ಇವು ನಗರಗಳಲ್ಲ, ಒಕ್ಕಲಿಗರ ಊರುಗಳು. ಇವು ಒಂದು ದಿನ ಸತ್ತುವೂ ಅಲ್ಲ. ಶಾಸನವು ಕಟ್ಟಿದವನ ಕಾಲವನ್ನು ಹೇಳುತ್ತದೆ, ಅಲ್ಲಿ ಬಾಳಿದವರ ಕಾಲವನ್ನಲ್ಲ. ಆ ಕಾಲವನ್ನು ಹೇಳಬಲ್ಲುದು ನೆಲಗಟ್ಟಿನ ಕೆಳಗಿನ ಮಡಕೆಯ ಚೂರುಗಳೂ ನಾಣ್ಯಗಳೂ ಮಾತ್ರ.

ಆ ಸಾಕ್ಷ್ಯವಾದರೋ ಬಹು ಬೇಗ ನಷ್ಟವಾಗುವಂಥದು. ಸೆರ್ಜಿಲ್ಲಾದ ಸ್ನಾನಗೃಹದಲ್ಲಿ 1899ರಲ್ಲಿ ಅಮೆರಿಕದವರು ಕಂಡ ಬಣ್ಣದ ಹರಳುಗಲ್ಲುಗಳ ನೆಲಗಟ್ಟು, ಆರು ವರ್ಷಗಳ ಮೇಲೆ ಅವರು ಮರಳಿ ಬರುವಷ್ಟರಲ್ಲಿ ಇಲ್ಲವಾಗಿದ್ದಿತು. 2011ರಲ್ಲಿ ಯುನೆಸ್ಕೊ ಸಂಸ್ಥೆಯು ಇಲ್ಲಿಯ 40 ಗ್ರಾಮಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಸಿರಿಯಾದಲ್ಲಿ ಅಂತರ್ಯುದ್ಧವು ಮೊದಲಾಗಿ, 2013ರಲ್ಲಿ ಇವು ಅಪಾಯಕ್ಕೊಳಗಾದ ಸ್ಥಳಗಳ ಪಟ್ಟಿಗೂ ಸೇರಿದುವು. ಆ ಯುದ್ಧದಲ್ಲಿ ಮನೆ ಕಳೆದುಕೊಂಡ ಅನೇಕ ಕುಟುಂಬಗಳು ಈ ಪಾಳುಗ್ರಾಮಗಳಲ್ಲಿ ಆಶ್ರಯ ಪಡೆದುವು. ಆಗ ಹೊಸದಾಗಿ ಶಾಸನವನ್ನು ಯಾರೂ ಬರೆಯಿಸಲಿಲ್ಲ; ಆದರೂ ಆ ಗೋಡೆಗಳ ನಡುವೆ ಒಲೆಗಳು ಉರಿದುವು.